ಗಿರಮಿಟ್ಟಿನ ಗಾಡಿಯ ಬಳಿ ಗಣಕಪಾಠ

ದೀಪ ಹಚ್ಚುವ ಹೊತ್ತಿಗೆ ಹುಬ್ಬಳ್ಳಿಯ ದುರ್ಗದಬೈಲಿನ ಚಹರೆಯೇ ಬದಲಾಗುತ್ತದೆ. ಹಗಲೆಲ್ಲ ಪೇಟೆಯ ವ್ಯಾಪಾರದಲ್ಲಿ ಮುಳುಗಿದ್ದ ಬೈಲು ಆಗ ತಿಂಡಿಪ್ರಿಯರ ವಶವಾಗುತ್ತದೆ. ಎಣ್ಣೆಯಲ್ಲಿ ಮಿರ್ಚಿ ಕರಿಯುವ ಸದ್ದು, ಗಿರಮಿಟ್ ಕಲಸುವ ಕೈಗಳ ಚುರುಕು, ಗಾಡಿಗಳ ಸುತ್ತ ನೆರೆದ ಜನ! ಅಂಥದೊಂದು ಸಂಜೆ ನನ್ನ ತಂಗಿಯ ಮಗ ಮೋರೆ ಇಳಿಬಿಟ್ಟುಕೊಂಡು ನನ್ನ ಪಕ್ಕದಲ್ಲಿ ನಿಂತಿದ್ದನು.

ಹುಡುಗನು ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ಗಣಿತದಲ್ಲಿ ಒಳ್ಳೆಯ ಅಂಕ ಗಳಿಸಿ, ಗಣಕಯಂತ್ರದ ವಿದ್ಯೆಗೆಂದು ಪಟ್ಟಣಕ್ಕೆ ಬಂದವನು. ಮೊದಲ ಪರೀಕ್ಷೆಯಲ್ಲಿಯೇ ನಪಾಸಾಗಿದ್ದನು.

"ಮಾಮಾ, ಕ್ಲಾಸ್ ಅಂತಾರ, ಆಬ್ಜೆಕ್ಟ್ ಅಂತಾರ, ಒಂದೂ ತಲಿಗೆ ಹತ್ತವಲ್ದು. ಇದು ಇಂಗ್ಲಿಷ್ ಬಲ್ಲವರ ವಿದ್ಯಾ. ನಾ ಊರಿಗೆ ಹೋಗಿ ಹೊಲಾ ನೋಡ್ಕೊಂತೀನಿ" ಎಂದನು.

ಹೊಲ ನೋಡಿಕೊಳ್ಳುವುದು ಕೀಳು ಕೆಲಸವಲ್ಲ. ಆದರೆ ಬುದ್ಧಿ ಸಾಲದೆಂದು ತನ್ನನ್ನು ತಾನೇ ಹಳಿದುಕೊಂಡು ಮರಳುವುದು ಬೇರೆ ಮಾತು. ನಿವೃತ್ತಿಯ ಬಳಿಕ ಹೊತ್ತು ಕಳೆಯಲೆಂದು ನಾನೂ ಪೈಥಾನ್ ಭಾಷೆಯನ್ನು ಕಲಿತಿದ್ದೆನು. "ತಮ್ಮಾ, ಮೊದಲು ಗಿರಮಿಟ್ ತಿನ್ನು" ಎಂದೆನು.

ಹಾವಲ್ಲ, ಹಾಸ್ಯ

ಪೈಥಾನ್ ಎಂದರೆ ಹೆಬ್ಬಾವು ಎಂದು ಅಂಜಬೇಕಾಗಿಲ್ಲ. ೧೯೮೯ರ ಡಿಸೆಂಬರ್ ತಿಂಗಳಲ್ಲಿ, ಕ್ರಿಸ್‌ಮಸ್ ರಜೆಯ ಬಿಡುವಿನಲ್ಲಿ, ಹಾಲೆಂಡಿನ ಗಿಡೋ ವಾನ್ ರೋಸಮ್ ಎಂಬವರು ಇದನ್ನು ರಚಿಸತೊಡಗಿದರು. ೧೯೯೧ರಲ್ಲಿ ಅದು ಲೋಕದ ಕೈಗೆ ಬಂದಿತು. ಬ್ರಿಟಿಷ್ ದೂರದರ್ಶನದ 'ಮಾಂಟಿ ಪೈಥಾನ್' ಎಂಬ ಹಾಸ್ಯ ಕಾರ್ಯಕ್ರಮದಿಂದ ಹೆಸರನ್ನು ಆಯ್ದುಕೊಂಡರು. ಕ್ಲಾಸ್, ಆಬ್ಜೆಕ್ಟ್‌ಗಳ ವಿಚಾರವಾದರೋ ಇನ್ನೂ ಹಳೆಯದು. ನಾರ್ವೆ ದೇಶದ ಡಾಲ್ ಮತ್ತು ನೈಗಾರ್ಡ್ ಎಂಬಿಬ್ಬರು ೧೯೬೦ರ ದಶಕದಲ್ಲಿ, ಲೋಕವ್ಯವಹಾರಗಳ ನಡೆಯನ್ನು ಯಂತ್ರದಲ್ಲಿ ಅನುಕರಿಸಿ ನೋಡಲೆಂದು ರಚಿಸಿದ 'ಸಿಮುಲಾ' ಭಾಷೆಯಲ್ಲಿ ಅದರ ಮೂಲವಿದೆ.

ಹದ ಒಂದು, ಪ್ಲೇಟು ನೂರು

ಗಾಡಿಯವನ ಮನಸ್ಸಿನಲ್ಲಿ ಗಿರಮಿಟ್ಟಿನ ಹದ ಒಂದಿದೆ: ಚುರಮುರಿ, ಹುಣಿಸೆ-ಬೆಲ್ಲದ ಮಸಾಲೆ, ಪುಠಾಣಿ ಹಿಟ್ಟು, ಮೇಲೆ ಹಸಿ ಉಳ್ಳಾಗಡ್ಡಿ. ಈ ಹದವನ್ನು ಯಾರೂ ತಿನ್ನಲಾರರು. ಅದು ಬರಿಯ ನಿಯಮ. ಅದೇ ಕ್ಲಾಸ್. ಆ ನಿಯಮದಂತೆ ಸಿದ್ಧವಾಗಿ ನಮ್ಮ ಕೈಗೆ ಬರುವ ಒಂದೊಂದು ಪ್ಲೇಟೂ ಆಬ್ಜೆಕ್ಟ್. ಒಂದರಲ್ಲಿ ಖಾರ ಹೆಚ್ಚು, ಇನ್ನೊಂದರಲ್ಲಿ ಉಳ್ಳಾಗಡ್ಡಿ ಕಡಿಮೆ. ಇವು ಆಯಾ ಪ್ಲೇಟಿನ ಗುಣಗಳು. 'ಕಲಸು', 'ಖಾರ ಹಾಕು' ಎಂಬ ಕ್ರಿಯೆಗಳೇ ಮೆಥಡ್‌ಗಳು. ಗಿರಮಿಟ್, ಸೂಸಲ ಎರಡೂ ಚುರಮುರಿಯ ತಿನಿಸುಗಳೇ ಆದುದರಿಂದ, ಅವುಗಳ ಸಮಾನ ಗುಣಗಳನ್ನು ಒಂದೇ ಕಡೆ ಬರೆದಿಟ್ಟು, ತಂದೆಯ ಆಸ್ತಿ ಮಕ್ಕಳಿಗೆ ಬರುವಂತೆ ಎರಡಕ್ಕೂ ದೊರಕಿಸಬಹುದು.

ಹುಡುಗನ ಕಣ್ಣು ಅರಳಿತು. ಮನೆಗೆ ಬಂದವನೇ ಗಣಕಯಂತ್ರದ ಮುಂದೆ ಕುಳಿತನು.

ಕನ್ನಡಕ್ಕೂ ಎಡೆಯುಂಟು

೨೦೦೮ರಲ್ಲಿ ಬಂದ ಪೈಥಾನ್ ಮೂರನೆಯ ಆವೃತ್ತಿಯಿಂದೀಚೆಗೆ ನಾವಿಡುವ ಹೆಸರುಗಳು ಕನ್ನಡ ಲಿಪಿಯಲ್ಲಿಯೇ ಇರಬಹುದು. 'ಗಿರಮಿಟ್' ಎಂಬ ಕ್ಲಾಸ್, 'ಖಾರ' ಎಂಬ ಗುಣ, 'ಕಲಸು' ಎಂಬ ಮೆಥಡ್, ಎಲ್ಲವೂ ಸಲ್ಲುತ್ತವೆ. ಆಬ್ಜೆಕ್ಟ್ ತನ್ನನ್ನು ತಾನು ಕರೆದುಕೊಳ್ಳಲು ಪುಸ್ತಕಗಳಲ್ಲಿ 'ಸೆಲ್ಫ್' ಎಂದು ಬರೆಯುವುದು ಬರಿಯ ರೂಢಿ. 'ತಾನು' ಎಂದರೂ ಯಂತ್ರ ತಕರಾರು ಮಾಡದು. ಬಳಸುವವನು '೨೦' ಎಂದು ಕನ್ನಡ ಅಂಕಿಯಲ್ಲಿ ಒತ್ತಿದರೂ 'ಇಂಟ್' ಎಂಬ ಸಾಧನವು ಅದನ್ನು ಸಂಖ್ಯೆಯಾಗಿಯೇ ಗ್ರಹಿಸುತ್ತದೆ. ಭಾಷೆಯ ಕಾಯ್ದಿರಿಸಿದ ಪದಗಳು ಮಾತ್ರ ಇಂಗ್ಲಿಷಿನವು. ಅವು ಸುಮಾರು ಮೂವತ್ತೈದು. ತಪ್ಪುಗಳ ಸೂಚನೆಯೂ ಇಂಗ್ಲಿಷಿನಲ್ಲಿಯೇ ಬರುವುದು ನಿಜ. ಆದರೆ ಮೂವತ್ತೈದು ಪದಗಳಿಗೆ ಅಂಜಿ ಊರಿಗೆ ಓಡುವುದೆ?

ಎಲ್ಲರಿಗೂ ಮೆಣಸಿನಕಾಯಿ

ಮೊದಲ ಪ್ರಯತ್ನದಲ್ಲಿ ಹುಡುಗ ಎಡವಿದನು. 'ಹೆಚ್ಚಿನ ಪದಾರ್ಥಗಳು' ಎಂಬ ಪಟ್ಟಿಯನ್ನು ನೇರವಾಗಿ ಕ್ಲಾಸಿನಲ್ಲಿಯೇ ಇರಿಸಿದ್ದನು. ನನ್ನ ಪ್ಲೇಟಿಗೆ ಮೆಣಸಿನಕಾಯಿ ಸೇರಿಸಿದರೆ ಅವನ ತಾಯಿಯ ಪ್ಲೇಟಿಗೂ ಬಿದ್ದಿತು, ತಂಗಿಯ ಪ್ಲೇಟಿಗೂ ಬಿದ್ದಿತು! ನಾನು ಬಾಯಿ ಬಿಡಲಿಲ್ಲ. ಅವನು ಬಹಳ ಹೊತ್ತು ತೆರೆಯನ್ನೇ ದಿಟ್ಟಿಸಿ, ತಟ್ಟನೆ ನಕ್ಕನು.

"ಮಾಮಾ, ಗಾಡಿ ಮ್ಯಾಲೆ ಒಂದ ಬುಟ್ಟಿ ಇಟ್ಟು ಎಲ್ಲಾರಿಗೂ ಅದರಾಗಿಂದನ ಬಡಿಸೀನಿ. ಪ್ಲೇಟಿಗೊಂದು ಬ್ಯಾರೆ ಬಟ್ಟಲಾ ಬೇಕು."

ಪ್ರತಿ ಆಬ್ಜೆಕ್ಟ್ ಹುಟ್ಟುವಾಗ ತಾನಾಗಿಯೇ ನಡೆಯುವ ಮೆಥಡ್ ಒಂದುಂಟು. ಪಟ್ಟಿಯನ್ನು ಅದರೊಳಗೆ ರಚಿಸಿದನು. ಮೆಣಸಿನಕಾಯಿ ನನ್ನ ಪ್ಲೇಟಿನಲ್ಲಿ ಮಾತ್ರ ಉಳಿಯಿತು. ಈ ತಪ್ಪನ್ನು ಮಾಡದೆ ಪೈಥಾನ್ ಕಲಿತವರು ವಿರಳ. ತಪ್ಪಿನ ಕಾರಣವನ್ನು ಅವನು ಕನ್ನಡದಲ್ಲಿ ಯೋಚಿಸಿ, ಕನ್ನಡದಲ್ಲಿಯೇ ಕಂಡುಕೊಂಡಿದ್ದನು.

ಮರುಪರೀಕ್ಷೆಯಲ್ಲಿ ಅವನಿಗೆ ಬಂದ ಅಂಕಗಳು ಹೇಳಿಕೊಳ್ಳುವಂಥವಲ್ಲ, ಆದರೆ ಪಾಸಾದನು. ಈಗ ರಜೆಗೆ ಊರಿಗೆ ಹೋದಾಗ ಹೊಲದ ಕೆಲಸವನ್ನೂ ಮಾಡುತ್ತಾನೆ, ಸಂಜೆ ತಂಗಿಗೆ ಪಾಠವನ್ನೂ ಹೇಳುತ್ತಾನೆ. ಅಲ್ಲಿ ಗಿರಮಿಟ್ಟಿನ ಗಾಡಿಯಿಲ್ಲವಾದುದರಿಂದ ರೊಟ್ಟಿಯ ಉದಾಹರಣೆ ಕೊಡುತ್ತಾನಂತೆ.