ಸ್ಪೇರ್ ಪಾರ್ಟ್ಸ್ ನಾವೇ ತಂದುಕೊಟ್ಟರೆ ಗಾಡಿ ರಿಪೇರಿ ಖರ್ಚು ನಿಜಕ್ಕೂ ಕಡಿಮೆಯಾಗುತ್ತದೆಯೇ?

ಸಾರಾಂಶ

ಸ್ಪೇರ್ ಪಾರ್ಟ್ಸ್ ಹೊರಗೆ ಕೊಂಡು ಗ್ಯಾರೇಜಿಗೆ ಒಯ್ದರೆ ಅರ್ಧಕ್ಕರ್ಧ ಹಣ ಉಳಿಯುತ್ತದೆ ಎಂಬ ಮಾತು ಕಾರು, ಬೈಕ್ ಇರುವವರ ನಡುವೆ ಸಾಮಾನ್ಯ. ಹಾಗೆ ಮಾಡಿದರೆ ಗಾಡಿಯ ವಾರಂಟಿ ಪೂರ್ತಿ ಹೋಗುತ್ತದೆ ಎಂಬ ಮಾತೂ ಅಷ್ಟೇ ಸಾಮಾನ್ಯ. ಈ ಲೇಖನದಲ್ಲಿ ನಾವು ಎರಡನ್ನೂ ಪರಿಶೀಲಿಸಿದ್ದೇವೆ. ಎರಡರಲ್ಲೂ ಇರುವುದು ಅರ್ಧ ಸತ್ಯ ಮಾತ್ರ.

ಜನ ಸ್ಪೇರ್ ತಾವೇ ಏಕೆ ತರುತ್ತಾರೆ?

ಮುಖ್ಯ ಕಾರಣ ಬೆಲೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಗೊತ್ತೇ ಇದೆ. ಅಲ್ಲಿ ಸಾಲು ಸಾಲು ಸ್ಪೇರ್ ಅಂಗಡಿಗಳಿವೆ. ಈಗ ಆನ್‌ಲೈನ್‌ನಲ್ಲೂ ಬೆಲೆ ಹೋಲಿಸಿ ನೋಡಬಹುದು. ಗ್ಯಾರೇಜಿನ ಬಿಲ್ಲಿನಲ್ಲಿರುವ ದರಕ್ಕಿಂತ ಅದೇ ಭಾಗ ಹೊರಗೆ ಕಡಿಮೆಗೆ ಸಿಕ್ಕಾಗ, ನಾವೇ ತಂದುಕೊಡೋಣ ಅನ್ನಿಸುವುದು ಸಹಜ.

ಇನ್ನೊಂದು ಕಾರಣವೂ ಇದೆ. ಕಾರು ಕಂಪನಿಗಳು ಎಲ್ಲಾ ಭಾಗಗಳನ್ನೂ ತಾವೇ ತಯಾರಿಸುವುದಿಲ್ಲ. ಸ್ಪಾರ್ಕ್ ಪ್ಲಗ್, ಫಿಲ್ಟರ್, ಬ್ರೇಕ್ ಪ್ಯಾಡ್, ಬೇರಿಂಗ್ ಮುಂತಾದವನ್ನು ಬೇರೆ ತಯಾರಕರಿಂದ ಕೊಳ್ಳುತ್ತವೆ. 1951ರಲ್ಲಿ ಆರಂಭವಾಗಿ ಆಡುಗೋಡಿಯಲ್ಲಿ ಬೆಳೆದ ಮೈಕೋ ಇಂಥದ್ದೇ ಕಂಪನಿ. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಇಂಥ ತಯಾರಕರು ವಾಹನ ಕಂಪನಿಗಳಿಗೂ ಭಾಗಗಳನ್ನು ಪೂರೈಸುತ್ತಾರೆ, ತಮ್ಮದೇ ಹೆಸರಿನ ಡಬ್ಬಿಯಲ್ಲಿ ಹೊರಗಿನ ಮಾರುಕಟ್ಟೆಯಲ್ಲೂ ಮಾರುತ್ತಾರೆ. ಆದ್ದರಿಂದ ವಾಹನ ಕಂಪನಿಯ ಹೆಸರಿಲ್ಲದ ಡಬ್ಬಿಯಲ್ಲಿ ಇರುವುದೆಲ್ಲ ಡೂಪ್ಲಿಕೇಟ್ ಎನ್ನುವುದು ತಪ್ಪು.

ಹಾಗಾದರೆ ಮೆಕ್ಯಾನಿಕ್ ಏಕೆ ಬೇಡ ಎನ್ನುತ್ತಾರೆ?

ಸ್ಪೇರ್‌ನಲ್ಲಿ ಸಿಗುವ ಲಾಭ ತಪ್ಪುತ್ತದೆ ಎಂಬುದು ಒಂದು ಕಾರಣ. ಹಲವು ಗ್ಯಾರೇಜುಗಳು ಲೇಬರ್ ಚಾರ್ಜ್ ಕಡಿಮೆ ಇಟ್ಟು, ಬಾಡಿಗೆ ಮತ್ತು ಹುಡುಗರ ಸಂಬಳಕ್ಕೆ ಸ್ಪೇರ್ ಮೇಲಿನ ಲಾಭವನ್ನೂ ನೆಚ್ಚಿಕೊಂಡಿರುತ್ತವೆ. ಅದಕ್ಕೇ ಸ್ಪೇರ್ ನಾವು ತಂದಾಗ ಕೆಲವರು ಲೇಬರ್ ಚಾರ್ಜ್ ಹೆಚ್ಚು ಕೇಳುತ್ತಾರೆ. ಅದರಲ್ಲಿ ಮೋಸವೇನಿಲ್ಲ, ಆದರೆ ಮೊದಲೇ ಹೇಳಬೇಕು.

ಎರಡನೆಯದು ಸಮಯ. ಗಾಡಿ ಬಿಚ್ಚಿದ ಮೇಲೆ ನಾವು ತಂದ ಭಾಗ ಕೂರುವುದಿಲ್ಲ ಎಂದು ಗೊತ್ತಾದರೆ, ಅದನ್ನು ಬದಲಿಸಿ ತರುವವರೆಗೆ ಗಾಡಿ ಅಲ್ಲೇ ನಿಂತಿರಬೇಕು. ಆ ಜಾಗದಲ್ಲಿ ಬೇರೆ ಕೆಲಸ ನಡೆಯುವುದಿಲ್ಲ.

ಮೂರನೆಯದು ಹೊಣೆ. ಎಲ್ಲಕ್ಕಿಂತ ದೊಡ್ಡ ಕಾರಣ ಇದೇ.

ನೋಡಲು ಒಂದೇ ಥರ ಇದ್ದರೆ ಸಾಲದೇ?

ಸಾಲದು. ಆಯಿಲ್ ಫಿಲ್ಟರನ್ನೇ ನೋಡಿ. ಹೊರಗಿನಿಂದ ಅದೊಂದು ಸಣ್ಣ ಡಬ್ಬಿ, ಅಷ್ಟೇ. ಆದರೆ ಹಲವು ಫಿಲ್ಟರ್‌ಗಳ ಒಳಗೆ ಎರಡು ಕವಾಟಗಳಿರುತ್ತವೆ. ಎಂಜಿನ್ ನಿಂತಾಗ ಆಯಿಲ್ ಪೂರ್ತಿ ಕೆಳಗಿಳಿಯದಂತೆ ಒಂದು ತಡೆಯುತ್ತದೆ. ಇದರಿಂದ ಮತ್ತೆ ಸ್ಟಾರ್ಟ್ ಮಾಡಿದಾಗ ಆಯಿಲ್ ಬೇಗ ಮೇಲೇರುತ್ತದೆ. ಇನ್ನೊಂದು ಬೈಪಾಸ್ ಕವಾಟ. ಫಿಲ್ಟರ್ ಕಟ್ಟಿಕೊಂಡಾಗ ಅದು ತೆರೆದುಕೊಂಡು, ಸೋಸದ ಆಯಿಲ್ ಆದರೂ ಎಂಜಿನ್‌ಗೆ ತಲುಪುವಂತೆ ನೋಡಿಕೊಳ್ಳುತ್ತದೆ. ಎಷ್ಟು ಒತ್ತಡಕ್ಕೆ ಅದು ತೆರೆಯಬೇಕು ಎಂಬುದು ಎಂಜಿನ್‌ನಿಂದ ಎಂಜಿನ್‌ಗೆ ಬೇರೆ. ಮರೆ ಸರಿಯಾಗಿ ಕೂತಿತು ಎಂದ ಮಾತ್ರಕ್ಕೆ ಫಿಲ್ಟರ್ ಸರಿಯಾದದ್ದು ಎನ್ನಲಾಗದು.

ಒಂದೇ ಮಾದರಿಯ ಕಾರಿನಲ್ಲೂ ವರ್ಷ ಮತ್ತು ವೇರಿಯಂಟ್ ಬದಲಾದಂತೆ ಭಾಗ ಬದಲಾಗಬಹುದು. ಅಂಗಡಿಯಲ್ಲಿ ಕಾರಿನ ಹೆಸರು ಮಾತ್ರ ಹೇಳಿದರೆ ತಪ್ಪು ಭಾಗ ಕೈಗೆ ಬರುವ ಸಾಧ್ಯತೆ ಇದೆ.

ಮುಂದೆ ತೊಂದರೆಯಾದರೆ ಹೊಣೆ ಯಾರದು?

ಗ್ಯಾರೇಜಿನವರೇ ಬ್ರೇಕ್ ಪ್ಯಾಡ್ ತಂದು ಹಾಕಿದ್ದಾರೆ, ಬಿಲ್ಲನ್ನೂ ಕೊಟ್ಟಿದ್ದಾರೆ ಎಂದುಕೊಳ್ಳಿ. ತಿಂಗಳೊಳಗೆ ಬ್ರೇಕ್ ಸರಿಯಾಗಿ ಹಿಡಿಯದಿದ್ದರೆ ಭಾಗ ಕೆಟ್ಟಿರಲಿ, ಜೋಡಣೆ ತಪ್ಪಿರಲಿ, ನಾವು ಕೇಳಬೇಕಾದದ್ದು ಒಬ್ಬರನ್ನೇ.

ಪ್ಯಾಡ್ ನಾವು ತಂದದ್ದಾದರೆ ಹೊಣೆ ಎರಡಾಗಿ ಒಡೆಯುತ್ತದೆ. ಮೆಕ್ಯಾನಿಕ್ 'ಪ್ಯಾಡ್ ಸರಿ ಇಲ್ಲ' ಎನ್ನುತ್ತಾರೆ. ಅಂಗಡಿಯವರು 'ಹಾಕಿದ್ದು ಸರಿ ಇಲ್ಲ' ಎನ್ನುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವಸ್ತುವಿನ ದೋಷಕ್ಕೂ ಸೇವೆಯ ಕೊರತೆಗೂ ದೂರು ಕೊಡಬಹುದು. ಆದರೆ ದೋಷ ಯಾವುದರಲ್ಲಿತ್ತು ಎಂದು ತೋರಿಸುವ ಕಷ್ಟ ನಮ್ಮ ಪಾಲಿಗೆ ಬರುತ್ತದೆ.

ಒಂದು ಲೆಕ್ಕ ಹಾಕೋಣ. ಈ ಅಂಕಿಗಳು ಉದಾಹರಣೆಗೆ ಮಾತ್ರ. ಪ್ಯಾಡ್‌ಗೆ ಗ್ಯಾರೇಜಿನಲ್ಲಿ 2,400 ರೂಪಾಯಿ, ಹೊರಗೆ 1,900. ಲೇಬರ್ 600. ಮೇಲ್ನೋಟಕ್ಕೆ 500 ರೂಪಾಯಿ ಉಳಿಯಿತು. ಪ್ಯಾಡ್ ಸರಿಹೋಗದೆ ಮತ್ತೆ ಬಿಚ್ಚಿ ಹಾಕಿಸಬೇಕಾದರೆ ಇನ್ನೊಮ್ಮೆ 600. ಅಲ್ಲಿಗೆ ಉಳಿದ ಹಣವೂ ಹೋಯಿತು, ಒಂದು ದಿನವೂ ಹೋಯಿತು.

ಹೊರಗಿನ ಸ್ಪೇರ್ ಹಾಕಿಸಿದರೆ ವಾರಂಟಿ ಪೂರ್ತಿ ಹೋಗುತ್ತದೆಯೇ?

ಭಾರತೀಯ ಸ್ಪರ್ಧಾ ಆಯೋಗ ಈ ವಿಷಯವನ್ನು ಹತ್ತಿರದಿಂದ ನೋಡಿದೆ. ಬಿಡಿಭಾಗಗಳನ್ನು ಹೊರಗಿನ ಮಾರುಕಟ್ಟೆಗೆ ಸಿಗದಂತೆ ಮಾಡಿದ್ದಕ್ಕಾಗಿ ಅದು 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದರೆ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಹಾಕಬಾರದು, ಹೊರಗಿನ ತಪ್ಪು ರಿಪೇರಿಯಿಂದ ಎಷ್ಟು ಹಾನಿಯಾಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ ವಾರಂಟಿ ನಿರಾಕರಿಸಬಹುದು ಎಂದೂ ಹೇಳಿತು. ಕಂಪನಿಗಳು ಈ ಆದೇಶದ ವಿರುದ್ಧ ಮೇಲ್ಮನವಿಗೆ ಹೋದವು. ಆದರೂ ಆದೇಶದ ಹಿಂದಿನ ತರ್ಕ ತಿಳಿದಿರುವುದು ಒಳ್ಳೆಯದು: ಹೊರಗೆ ವೈಪರ್ ಹಾಕಿಸಿದ್ದಕ್ಕೂ ಗೇರ್‌ಬಾಕ್ಸ್ ಕೆಟ್ಟಿದ್ದಕ್ಕೂ ಸಂಬಂಧ ಇಲ್ಲ.

ಹಾಗೆಂದು ಧೈರ್ಯ ಮಾಡಿ ಮುಂದುವರಿಯುವ ಮೊದಲು ನಿಮ್ಮ ಗಾಡಿಯ ವಾರಂಟಿ ಪುಸ್ತಕ ಓದಿ. ವಾರಂಟಿ ಅವಧಿಯಲ್ಲಿ ಎಂಜಿನ್, ಗೇರ್‌ಬಾಕ್ಸ್, ವೈರಿಂಗ್ ಕೆಲಸ ಹೊರಗೆ ಮಾಡಿಸಿದರೆ ತಕರಾರು ಬರುವ ಸಾಧ್ಯತೆ ಹೆಚ್ಚು.

ಯಾವುದನ್ನು ನಾವೇ ತರಬಹುದು, ಯಾವುದು ಬೇಡ?

ವೈಪರ್ ಬ್ಲೇಡ್, ಬಲ್ಬ್, ಏರ್ ಫಿಲ್ಟರ್, ಎಸಿ ಫಿಲ್ಟರ್ ತರಬಹುದು. ಇವು ತಪ್ಪಿದರೂ ಸುಲಭವಾಗಿ ಬದಲಿಸಬಹುದು. ಬ್ಯಾಟರಿ, ಟೈರ್ ಕೂಡ ತರಬಹುದು. ಬ್ಯಾಟರಿಯ ವಾರಂಟಿ ಕಾರ್ಡಿಗೆ ಅಂಗಡಿಯ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳ ಗುರುತು ಇರುತ್ತದೆ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು.

ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್, ಕ್ಲಚ್, ಟೈಮಿಂಗ್ ಬೆಲ್ಟ್ ಇವನ್ನು ಗ್ಯಾರೇಜಿನವರಿಗೇ ಬಿಡುವುದು ಒಳ್ಳೆಯದು. ಇವು ಕೈಕೊಟ್ಟರೆ ಜೀವಕ್ಕೋ ಎಂಜಿನ್‌ಗೋ ಅಪಾಯ. ಮನೆಯಲ್ಲಿ ಉಳಿದ ಅರ್ಧ ಡಬ್ಬಿ ಬ್ರೇಕ್ ಆಯಿಲ್ ಅನ್ನಂತೂ ಒಯ್ಯಬೇಡಿ. ಸಾಮಾನ್ಯ ಬಳಕೆಯ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ತೇವ ಸೇರಿದಂತೆ ಅದು ಬೇಗ ಕುದಿಯುತ್ತದೆ. ಘಾಟಿ ಇಳಿಯುವಾಗ ಬಿಸಿಯಾಗಿ ಕುದ್ದರೆ ಒಳಗೆ ಆವಿ ಸೇರಿ ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ.

ತರುವುದೇ ಆದರೆ ಏನು ಮಾಡಬೇಕು?

- ಕೊಳ್ಳುವ ಮೊದಲೇ ಗ್ಯಾರೇಜಿನವರನ್ನು ಕೇಳಿ. ಒಪ್ಪಿದರೆ ಲೇಬರ್ ಎಷ್ಟು, ಕೆಲಸಕ್ಕೆ ಎಷ್ಟು ದಿನದ ಗ್ಯಾರಂಟಿ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.
- ಕಾರಿನ ಹೆಸರಿನ ಬದಲು ಪಾರ್ಟ್ ನಂಬರ್ ಹೇಳಿ. ಅದು ಗೊತ್ತಿಲ್ಲದಿದ್ದರೆ ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಕೊಟ್ಟು ವಿಚಾರಿಸಿ.
- ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ತಿಂಗಳು, ವರ್ಷ, ಎಂಆರ್‌ಪಿ ಇದೆಯೇ ನೋಡಿ.
- ಅಂಗಡಿಯ ಬಿಲ್ ಪಡೆಯಿರಿ. ಕೆಲಸ ಮುಗಿಯುವವರೆಗೆ ಡಬ್ಬಿ ಎಸೆಯಬೇಡಿ. ಬಿಚ್ಚಿದ ಹಳೆಯ ಭಾಗ ವಾಪಸ್ ಕೇಳಿ, ಹೊಸದನ್ನೇ ಹಾಕಿದ್ದಾರೆ ಎಂದು ತಿಳಿಯುತ್ತದೆ.
- ತಕರಾರು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಅಂತಿಮವಾಗಿ

ಸ್ಪೇರ್ ನಾವೇ ತಂದರೆ ಹಣ ಉಳಿಯಬಹುದು. ಆದರೆ ಭಾಗದ ಜೊತೆಗೆ ಅದರ ಹೊಣೆಯನ್ನೂ ನಾವೇ ತಂದಂತೆ. ವೈಪರ್ ಬ್ಲೇಡ್‌ನ ಹೊಣೆ ಹೊರುವುದು ಸುಲಭ. ಬ್ರೇಕ್ ಪ್ಯಾಡ್‌ನದು ಹಾಗಲ್ಲ. ಗ್ಯಾರೇಜಿನ ದರ ಹೆಚ್ಚು ಅನ್ನಿಸಿದರೆ ಮೊದಲು ಡಬ್ಬಿಯ ಮೇಲಿನ ಎಂಆರ್‌ಪಿ ಕೇಳಿ, ಇನ್ನೊಂದು ಗ್ಯಾರೇಜಿನಲ್ಲೂ ವಿಚಾರಿಸಿ. ಹೊಣೆ ಅವರ ಮೇಲೇ ಉಳಿದು, ದರ ಮಾತ್ರ ಇಳಿಯಬಹುದು.