ಮನೆ ಇದೆ, ಬಾಡಿಗೆಗಿಲ್ಲ

2001ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905 ಇತ್ತು. 2011ರಲ್ಲಿ ಎಣಿಸಿದಾಗ 11,37,961. ಇಡೀ ರಾಜ್ಯ ಶೇ. 15.6ರಷ್ಟು, ಬೆಂಗಳೂರು ನಗರ ಜಿಲ್ಲೆ ಶೇ. 47ರಷ್ಟು ಬೆಳೆದ ದಶಕದಲ್ಲಿ ಈ ಜಿಲ್ಲೆಯ ಲೆಕ್ಕದಿಂದ ಸುಮಾರು ಮೂರು ಸಾವಿರ ಜನ ಕಡಿಮೆಯಾದರು. ಆದರೆ ಇದೇ ಜಿಲ್ಲೆಯ ಕೊಪ್ಪದಲ್ಲೋ ಶೃಂಗೇರಿಯಲ್ಲೋ ಬಸ್ಸಿಳಿದವರಿಗೆ ಊರು ಸೊರಗಿದಂತೆ ಕಾಣುವುದಿಲ್ಲ. ಹಂಚಿನ ಮನೆಯಿದ್ದಲ್ಲಿ ತಾರಸಿ ಮನೆ ಎದ್ದಿರುತ್ತದೆ. ತಾರಸಿಯನ್ನೂ ನಂಬದ ಮಲೆನಾಡಿನವರು ಅದರ ಮೇಲೆ ಮತ್ತೊಂದು ತಗಡಿನ ಮಾಡು ಹೊದಿಸಿರುತ್ತಾರೆ: ಮಳೆಗಾಲದಲ್ಲಿ ಮನೆ ಸೋರದಿರಲಿ, ಅದರಡಿ ನಾಲ್ಕು ಬಟ್ಟೆಯಾದರೂ ಒಣಗಲಿ ಎಂದು. ಮನೆ ಹೆಚ್ಚಿದರೆ ಜನ ಹೆಚ್ಚಿದ್ದಾರೆ, ಜನ ಕಡಿಮೆಯಾದರೆ ಮನೆಗೇನೂ ಕೊರತೆಯಿರದು ಎಂಬ ಸರಳ ಲೆಕ್ಕ ಇಂಥ ಪೇಟೆಗಳಲ್ಲಿ ತಾಳೆಯಾಗುವುದಿಲ್ಲ. ಜನ, ದುಡ್ಡು, ಮನೆ ಇಲ್ಲಿ ಮೂರು ದಾರಿ ಹಿಡಿದಿವೆ. ನಮ್ಮ ವಸತಿ ಯೋಜನೆಗಳು ಮಾತ್ರ ಮೂರೂ ಜೊತೆಯಾಗಿ ನಡೆಯುತ್ತಿವೆ ಎಂದೇ ನಂಬಿಕೊಂಡಿವೆ.

ದುಡ್ಡಿನಿಂದಲೇ ಶುರು ಮಾಡೋಣ. ಸಣ್ಣ ಊರೊಂದರ ಆದಾಯವೆಷ್ಟು ಎಂದು ಕೇಳಿದರೆ ಉತ್ತರ ಕೊಡುವ ದಾಖಲೆಯೇ ಇಲ್ಲ. ನಮ್ಮ ಜನಗಣತಿ ಯಾರ ಆದಾಯವನ್ನೂ ಕೇಳುವುದಿಲ್ಲ. ಗೋಡೆ ಯಾವುದರದು, ಮಾಡು ಯಾವುದರದು, ನೀರು ಎಲ್ಲಿಂದ, ಟಿವಿ ಇದೆಯೇ, ಬೈಕಿದೆಯೇ ಎಂದಷ್ಟೇ ಕೇಳುತ್ತದೆ. ಕುಟುಂಬಗಳ ಖರ್ಚಿನ ಸಮೀಕ್ಷೆ ಬೇರೆ ಇದೆ. ದೇಶದ ಗ್ರಾಮೀಣ ಭಾಗದಲ್ಲಿ ತಲಾ ತಿಂಗಳ ಖರ್ಚು 4,122 ರೂಪಾಯಿ, ನಗರದಲ್ಲಿ 6,996 ರೂಪಾಯಿ ಎಂದು 2023-24ರಲ್ಲಿ ಹೇಳಿದ್ದು ಅದೇ. ಆದರೆ ಅದು ಮಾದರಿ ಸಮೀಕ್ಷೆ, ಕೆಲವೇ ಸಾವಿರ ಜನರ ಪೇಟೆಯ ಬಗ್ಗೆ ಏನನ್ನೂ ಹೇಳಲಾರದು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲದ್ದರಿಂದ ಅಡಿಕೆಯ ದುಡ್ಡು ಆ ಲೆಕ್ಕಕ್ಕೂ ಪೂರ್ತಿ ಸಿಗುವುದಿಲ್ಲ. ಇನ್ನು ಉಳಿದದ್ದು ನಾಡಕಚೇರಿಯ ಆದಾಯ ಪ್ರಮಾಣಪತ್ರ. ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ 1.20 ಲಕ್ಷದ ಮಿತಿ ಇರುವ ರಾಜ್ಯದಲ್ಲಿ ಆ ಹಾಳೆಯ ಮೇಲಿನ ಅಂಕಿ ಎಷ್ಟಿರಬಹುದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗಾಗಿ ಊರಿನ ಸ್ಥಿತಿಯನ್ನು ಮನೆ ನೋಡಿಯೇ ಅಳೆಯುವುದು ರೂಢಿಯಾಗಿದೆ. ಗಟ್ಟಿ ಮನೆ ಕಂಡರೆ ಅನುಕೂಲಸ್ಥರು ಎಂದುಕೊಳ್ಳುತ್ತೇವೆ. ಅದರಲ್ಲಿ ಅರ್ಧ ನಿಜವಿದೆ. ಆದರೆ ಆ ಮನೆಗೆ ಸುರಿದ ದುಡ್ಡು ಆ ಊರಿನಲ್ಲಿ ಹುಟ್ಟಿದ್ದೇ ಆಗಬೇಕಿಲ್ಲ. ಬೆಂಗಳೂರಿನ ಸಂಬಳ ಇರಬಹುದು, ಅಡಿಕೆಗೆ ಧಾರಣೆ ಏರಿದ ಒಂದೆರಡು ವರ್ಷದ ಉಳಿತಾಯ ಇರಬಹುದು. ಮನೆ ತೋರಿಸುವುದು ಬೇರೆಡೆಯ ಆದಾಯವನ್ನು, ಇಲ್ಲವೇ ಮುಗಿದುಹೋದ ವರ್ಷದ ಆದಾಯವನ್ನು. ಇವತ್ತು ಅದೇ ಬೀದಿಯ ಕಿರಾಣಿ ಅಂಗಡಿಯವನಿಗೆ ದಿನಕ್ಕೆಷ್ಟು ವ್ಯಾಪಾರವಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ.

ಜನ ಕಡಿಮೆಯಾಗಿಯೂ ಮನೆ ಹೆಚ್ಚುವುದರಲ್ಲಿ ಮಾಯೆಯೇನಿಲ್ಲ. ಒಂದೇ ಸೂರಿನಡಿ ಎಂಟು ಜನರಿದ್ದ ಕುಟುಂಬ ಪಾಲಾದರೆ ಮೂರು ಮನೆ ಬೇಕು. ಮಕ್ಕಳಲ್ಲಿ ಇಬ್ಬರು ಊರು ಬಿಟ್ಟರೂ ಅವರ ಪಾಲಿನ ಮನೆ ಇಲ್ಲೇ ಇರುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಮುಂದಿನ ತಲೆಮಾರು ಹಿಂದಿನದಕ್ಕಿಂತ ಚಿಕ್ಕದು ಎಂದೇ ಇದರರ್ಥ. ಇನ್ನೊಂದು ಕಡೆ, ಊರಿಗೆ ಹೊಸಬರು ಬರುವುದು ನಿಂತಿಲ್ಲ. ವರ್ಗವಾಗಿ ಬಂದ ಶಿಕ್ಷಕಿ, ತಾಲ್ಲೂಕು ಆಸ್ಪತ್ರೆಯ ನರ್ಸ್, ಬ್ಯಾಂಕಿನ ಗುಮಾಸ್ತ, ಉತ್ತರ ಕರ್ನಾಟಕದಿಂದಲೋ ಅಸ್ಸಾಮಿನಿಂದಲೋ ಬಂದ ಗಾರೆ ಕೆಲಸದವರು, ತೋಟದ ಕೆಲಸದವರು ಇದ್ದಾರೆ. ಇವರಿಗೆ ಬೇಕಾದದ್ದು ಸ್ವಂತ ಮನೆಯಲ್ಲ, ಎರಡೋ ಮೂರೋ ವರ್ಷಕ್ಕೆ ಒಂದು ಬಾಡಿಗೆ ಮನೆ. ಸಿಗದೆ ಕಷ್ಟವಾಗುವುದು ಅದೇ. ನರ್ಸ್ ದೂರದ ಊರಿನಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ, ಕೆಲಸದವರು ಒಂದು ಕೋಣೆಯಲ್ಲಿ ಆರು ಜನ ಮಲಗುತ್ತಾರೆ, ಪಕ್ಕದ ಕಾಂಪೌಂಡಿನ ಮೂರು ಕೋಣೆಯ ಮನೆಗೆ ಬೀಗ.

ಇದು ಮಲೆನಾಡಿನ ವಿಚಿತ್ರ ಮಾತ್ರವಲ್ಲ. 2011ರ ಗಣತಿಯಲ್ಲಿ ದೇಶದ ನಗರ, ಪಟ್ಟಣಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಇದ್ದವು. ಅಮಿತಾಭ್ ಕುಂಡು ನೇತೃತ್ವದ ತಾಂತ್ರಿಕ ಸಮಿತಿ 2012ಕ್ಕೆ ಲೆಕ್ಕ ಹಾಕಿದ ನಗರ ವಸತಿ ಕೊರತೆ 1.88 ಕೋಟಿ. ಆ ಕೊರತೆಯ ಸುಮಾರು ಶೇ. 80 ಭಾಗ ಸೂರೇ ಇಲ್ಲದವರದ್ದಲ್ಲ, ಇಕ್ಕಟ್ಟಿನಲ್ಲಿ ಇರುವವರದ್ದು. ಕೊರತೆ ಅನುಭವಿಸುವವರಲ್ಲಿ ಶೇ. 95ಕ್ಕೂ ಹೆಚ್ಚು ಮಂದಿ ಕಡಿಮೆ ಆದಾಯದವರು. ಕೊರತೆ, ಖಾಲಿ ಎರಡೂ ಒಟ್ಟಿಗೇ ಇದ್ದವು. ಖಾಲಿ ಮನೆ ಬೇಕಾದವರ ಕೈಗೆಟಕುವ ಬೆಲೆಗೆ ಸಿಗಲಿಲ್ಲ, ಮಾಲೀಕರಿಗೆ ಅವರ ಮೇಲೆ ನಂಬಿಕೆ ಹುಟ್ಟಲಿಲ್ಲ, ಅಷ್ಟೆ.

ಇಲ್ಲೊಂದು ಆಕ್ಷೇಪ ಬರುತ್ತದೆ: ಮನೆ ಮಾಲೀಕರ ಸ್ವತ್ತು, ಬೀಗ ಹಾಕುವುದೂ ಅವರಿಷ್ಟ. ಒಪ್ಪೋಣ. ಆದರೆ ಅದು ಲಾಭಕ್ಕಾಗಿ ಮಾಡಿದ ತೀರ್ಮಾನವೇ ಎಂದು ನೋಡಿದರೆ ಹಾಗೆ ಕಾಣುವುದಿಲ್ಲ. ಮಲೆನಾಡಿನಲ್ಲಿ ಮುಚ್ಚಿಟ್ಟ ಮನೆ ಎರಡು ಮಳೆಗಾಲ ತಡೆಯುವುದೇ ಕಷ್ಟ. ಹಂಚು ಸರಿದರೆ ನೀರು, ನೀರಿನ ಹಿಂದೆ ಪಾಚಿ, ಪಕಾಸಿಗೆ ಗೆದ್ದಲು. ಒಲೆ ಉರಿಯುವ ಮನೆ ಹೀಗೆ ಕೆಡುವುದಿಲ್ಲ. ಆದರೂ ಬಾಡಿಗೆಗೆ ಕೊಡಲು ಹಿಂಜರಿಯುವುದು ಭಯದಿಂದ. 1974ರ ಭೂಸುಧಾರಣೆಯಲ್ಲಿ ಗೇಣಿ ಕೊಟ್ಟ ಜಮೀನು ಗೇಣಿದಾರರ ಪಾಲಾದದ್ದನ್ನು ಕಂಡ ಮನೆತನಗಳಲ್ಲಿ, ಒಳಗೆ ಬಂದವನು ಎದ್ದು ಹೋಗುವುದಿಲ್ಲ ಎಂಬ ಮಾತು ಮೊಮ್ಮಕ್ಕಳವರೆಗೂ ಇಳಿದಿದೆ. ಗೇಣಿಯ ಕಾನೂನೇ ಬೇರೆ, ಮನೆ ಬಾಡಿಗೆಯ ಕಾನೂನೇ ಬೇರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ಅದಕ್ಕಿಂತ ಹೆಚ್ಚಿನ ಬಾಡಿಗೆಗೆ ಕೊಟ್ಟವರು ಆ ಕಾಯ್ದೆಗೆ ಹೆದರಬೇಕಾಗಿಲ್ಲ. ಕೋರ್ಟು ಕಚೇರಿ ಅಲೆಯುವ ಭಯಕ್ಕೆ ಮಾತ್ರ ಆಧಾರವಿದೆ, ಅದನ್ನು ತಳ್ಳಿಹಾಕುವಂತಿಲ್ಲ.

ಸರ್ಕಾರ ಮನೆ ಕಟ್ಟಿಸಿಕೊಡುತ್ತಿದೆಯಲ್ಲ ಎನ್ನುವವರೂ ಇದ್ದಾರೆ. ಆಶ್ರಯದಿಂದ ಹಿಡಿದು ಬಸವ ವಸತಿ, ಪ್ರಧಾನ ಮಂತ್ರಿ ಆವಾಸ್‌ವರೆಗೆ ಯೋಜನೆಗಳು ಅನೇಕರಿಗೆ ನಿಜಕ್ಕೂ ಸೂರು ಕೊಟ್ಟಿವೆ. ಆದರೆ ಅವು ಮುಖ್ಯವಾಗಿ ಸ್ವಂತ ಮನೆ ಕಟ್ಟಲು ಕೊಡುವ ನೆರವು. ಅದಕ್ಕೆ ಮೊದಲು ನಿವೇಶನ ಬೇಕು. ಕಾಡು, ಕಂದಾಯ ಭೂಮಿಯ ಗಡಿ ಜಗಳ ಮುಗಿಯದ ತಾಲ್ಲೂಕುಗಳಲ್ಲಿ ಮನೆ ಸಕ್ರಮಕ್ಕೆ 94ಸಿ ಅರ್ಜಿ ಹಾಕಿ ಕಾಯುವವರ ಸಾಲೇ ಇದೆ. ವರ್ಗವಾಗಿ ಬಂದ ನರ್ಸಿಗೂ ಅಸ್ಸಾಮಿನ ಕೂಲಿಯವನಿಗೂ ಈ ಯೋಜನೆಗಳ ಫಲಾನುಭವಿ ಪಟ್ಟಿಯಲ್ಲಿ ಜಾಗವಿಲ್ಲ.

ಹೊಸ ಮನೆ ಕಟ್ಟುವುದಕ್ಕಿಂತ ಇರುವ ಬೀಗ ತೆಗೆಸುವುದು ಅಗ್ಗ. ಅದಕ್ಕೆ ದೊಡ್ಡ ಸಮೀಕ್ಷೆಯೂ ಬೇಡ. ಪಟ್ಟಣ ಪಂಚಾಯಿತಿಯ ಬಳಿ ಮನೆಗಂದಾಯದ ವಹಿ ಇದೆ, ವಿದ್ಯುತ್ ಕಂಪನಿ ಮೆಸ್ಕಾಂ ಬಳಿ ತಿಂಗಳು ತಿಂಗಳು ಕನಿಷ್ಠ ಬಿಲ್ ಮಾತ್ರ ಬರುವ ಮೀಟರುಗಳ ಲೆಕ್ಕ ಇದೆ. ಎರಡನ್ನೂ ಪಕ್ಕದಲ್ಲಿಟ್ಟರೆ ಯಾವ ಬೀದಿಯ ಯಾವ ಮನೆ ಮುಚ್ಚಿದೆ ಎಂಬುದು ಒಂದು ಮಧ್ಯಾಹ್ನದ ಕೆಲಸ. ಪಂಚಾಯಿತಿಯೇ ನಡುವೆ ನಿಂತು ಹನ್ನೊಂದು ತಿಂಗಳ ಕರಾರು ಬರೆಸಿ, ಬಾಡಿಗೆಗೆ ಕೊಟ್ಟ ವರ್ಷ ಮನೆಗಂದಾಯದಲ್ಲಿ ಒಂದಿಷ್ಟು ಬಿಟ್ಟುಕೊಡಬಹುದು. ಮೊದಲು ಆಸ್ಪತ್ರೆಯ ಸಿಬ್ಬಂದಿಗೆ ಕೊಡಿಸಿದರೆ ಮಾಲೀಕರ ಅಂಜಿಕೆಯೂ ಕಡಿಮೆಯಾದೀತು. ಕೂಲಿಯವರ ಸರದಿ ಬರುವಾಗ ಆ ಅಂಜಿಕೆ ಕಳೆಯುವುದು ಇನ್ನಷ್ಟು ಕಷ್ಟ, ಅಲ್ಲಿ ಪಂಚಾಯಿತಿಯೇ ಜಾಮೀನು ನಿಲ್ಲಬೇಕಾದೀತು.