ಮೇಜಿಲ್ಲದ ಊರಿಗೆ ಸೂಜಿ, ದಾರ

2013ರಲ್ಲಿ ನಾಸಾದ ಗಗನಯಾತ್ರಿ ಕ್ಯಾರೆನ್ ನೈಬರ್ಗ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ ಅವರ ಸಾಮಾನಿನಲ್ಲಿ ಸೂಜಿ, ದಾರ ಮತ್ತು ಬಟ್ಟೆಯ ತುಂಡುಗಳೂ ಇದ್ದವು. ಸುಮಾರು ಐದೂವರೆ ತಿಂಗಳು ಅಲ್ಲಿದ್ದ ಅವರು ಬಿಡುವು ಸಿಕ್ಕಾಗಲೆಲ್ಲ ನಕ್ಷತ್ರದ ಚಿತ್ರವಿರುವ ಒಂದು ಕೌದಿಯ ಚೌಕ ಹೊಲಿದರು. ರಷ್ಯದ ಆಹಾರದ ಪೆಟ್ಟಿಗೆಗಳ ಒಳಗೆ ಅಂಟಿಸಿದ್ದ ಬಟ್ಟೆಯನ್ನು ಬಿಡಿಸಿಕೊಂಡು, ಹಳೆಯ ಟೀ ಶರ್ಟಿನ ಚೂರುಗಳನ್ನು ಒಳಗೆ ತುಂಬಿ, ಮಗನಿಗೊಂದು ಡೈನೋಸಾರ್ ಗೊಂಬೆಯನ್ನೂ ಮಾಡಿದರು. ಹೊಲಿಯುವುದಕ್ಕಿಂತ ಅವರಿಗೆ ಕಷ್ಟವಾದದ್ದು ಬಟ್ಟೆಯನ್ನು ಅಳೆದು ಕತ್ತರಿಸುವುದು. ಅಲ್ಲಿ ಬಟ್ಟೆಯನ್ನು ಹಾಸಲು ಜಾಗವೇ ಇಲ್ಲ. ಕೈಬಿಟ್ಟರೆ ಬಟ್ಟೆ ಒಂದು ಕಡೆ ತೇಲುತ್ತದೆ, ಕತ್ತರಿ ಇನ್ನೊಂದು ಕಡೆ.

ಭೂಮಿಯ ಮೇಲೆ ಕ್ರಾಸ್ ಸ್ಟಿಚ್ ಹಾಕುವವರಿಗೆ ಈ ಅನುಭವ ತೀರಾ ಹೊಸದೇನಲ್ಲ. ರೈಲಿನ ಕಿಟಕಿ ಪಕ್ಕದ ಸೀಟಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಮಗಳ ಬಾಣಂತನಕ್ಕೆಂದು ಹೊರಟ ವಿಮಾನದಲ್ಲಿ ಗುರುತ್ವಾಕರ್ಷಣೆ ಇರುತ್ತದೆ, ಮೇಜು ಇರುವುದಿಲ್ಲ. ಮನೆಯಲ್ಲಿ ಮೇಜು ಎಷ್ಟೊಂದು ಕೆಲಸ ಮಾಡುತ್ತದೆ ಎನ್ನುವುದು ಅದಿಲ್ಲದಾಗಲೇ ಗೊತ್ತಾಗುವುದು. ಸೂಜಿ ಕಳೆಯದಂತೆ ನೋಡಿಕೊಳ್ಳುವುದು, ಆರು ಬಣ್ಣದ ದಾರಗಳು ಸಿಕ್ಕಾಗದಂತೆ ಬೇರೆ ಬೇರೆ ಇಡುವುದು, ಕತ್ತರಿಯನ್ನು ಕೈಗೆ ಸಿಗುವಂತೆ ಇಡುವುದು, ಬಿದ್ದ ಚೂರನ್ನು ಹಿಡಿಯುವುದು, ಇವೆಲ್ಲ ಅದರ ಕೆಲಸ. ಪ್ರಯಾಣಕ್ಕೆ ಕಟ್ಟಿಕೊಳ್ಳುವ ಕಸೂತಿಯ ಡಬ್ಬಿ ಈ ಮೇಜಿನ ಬದಲಿಗೆ ನಿಲ್ಲುವ ಪುಟ್ಟ ಯಂತ್ರ. ಅದರೊಳಗೆ ಹೋಗುವ ಒಂದೊಂದು ಸಾಮಾನೂ ಮೇಜಿನ ಒಂದಲ್ಲ ಒಂದು ಕೆಲಸವನ್ನು ವಹಿಸಿಕೊಳ್ಳಬೇಕು. ವಹಿಸಿಕೊಳ್ಳದ್ದು ಮನೆಯಲ್ಲೇ ಉಳಿಯಬಹುದು.

ಈ ಯಂತ್ರದ ಮುಖ್ಯ ಭಾಗ ಸೂಜಿ. ಹುಟ್ಟಿನಿಂದಲೇ ಅದು ಸಂಚಾರಿ. ಸೈಬೀರಿಯದ ಡೆನಿಸೋವಾ ಗುಹೆಯಲ್ಲಿ 2016ರಲ್ಲಿ ಸಿಕ್ಕ ಸೂಜಿ ಹಕ್ಕಿಯ ಮೂಳೆಯದು. ಉದ್ದ ಏಳೂವರೆ ಸೆಂ.ಮೀ., ವಯಸ್ಸು ಸುಮಾರು 50,000 ವರ್ಷ, ದಾರ ಪೋಣಿಸುವ ಕಣ್ಣೂ ಇದೆ. ಒಂದೇ ಕಡೆ ನೆಲೆ ನಿಲ್ಲದ ಬೇಟೆಗಾರರು ಬಳಸಿದ ಸಾಧನ ಅದು. ಇಂದಿನ ಉಕ್ಕಿನ ಸೂಜಿಗೆ ರೂಪ ಕೊಟ್ಟ ಊರುಗಳಲ್ಲಿ ಇಂಗ್ಲೆಂಡಿನ ರೆಡಿಚ್ ದೊಡ್ಡದು. ಹತ್ತೊಂಬತ್ತನೆಯ ಶತಮಾನದಲ್ಲಿ ಜಗತ್ತಿನ ಬಹುಪಾಲು ಸೂಜಿಗಳು ಬರುತ್ತಿದ್ದುದು ಆ ಊರು ಮತ್ತು ಅದರ ಸುತ್ತಮುತ್ತಲಿನಿಂದ. ಅಲ್ಲಿ ಸೂಜಿಗಳನ್ನು ಜೋಡಿಯಾಗಿ ಮಾಡುತ್ತಿದ್ದರು. ಎರಡು ಸೂಜಿಯುದ್ದದ ತಂತಿ ತೆಗೆದುಕೊಂಡು ಎರಡೂ ತುದಿ ಮಸೆದು, ನಡುವೆ ಎರಡು ಕಣ್ಣು ಕೊರೆದು, ಕೊನೆಗೆ ಮಧ್ಯಕ್ಕೆ ಮುರಿಯುವುದು. ತುದಿ ಮಸೆಯುವವರ ಎದೆಗೆ ಕಲ್ಲಿನ ಮತ್ತು ಲೋಹದ ದೂಳು ಸೇರುತ್ತಿತ್ತು. ಅವರಲ್ಲಿ ಅನೇಕರು ನಲವತ್ತು ಕಾಣುವ ಮೊದಲೇ ತೀರಿಕೊಂಡರು. ಇವತ್ತು ಕೆಲವೇ ರೂಪಾಯಿಗೆ ಸಿಗುವ ಸೂಜಿಯ ಹಿಂದೆ ಈ ಸಾವುಗಳೂ ಇವೆ ಎನ್ನುವುದನ್ನು ಮರೆಯಬಾರದು.

ಕ್ರಾಸ್ ಸ್ಟಿಚ್‌ಗೆ ಮಾತ್ರ ಚೂಪು ತುದಿ ಬೇಡ. ಇಲ್ಲಿ ಬಳಸುವುದು ಟೇಪೆಸ್ಟ್ರಿ ಸೂಜಿ. ಅದರ ಕಣ್ಣು ಉದ್ದ, ತುದಿ ಮೊಂಡು. ನಮ್ಮ ಅಂಗಡಿಗಳಲ್ಲಿ ಸಿಗುವ ಮ್ಯಾಟಿ ಬಟ್ಟೆಯಾಗಲಿ, ಅದೇ ಬಳಗದ ಐಡಾ ಬಟ್ಟೆಯಾಗಲಿ, ನೇಯುವಾಗಲೇ ಚೌಕ ಚೌಕವಾಗಿ ತೂತು ಬಿಟ್ಟಿರುತ್ತಾರೆ. ಸೂಜಿ ಬಟ್ಟೆಯನ್ನು ಚುಚ್ಚಬೇಕಾಗಿಲ್ಲ, ಇರುವ ತೂತನ್ನು ಹುಡುಕಿಕೊಂಡರೆ ಸಾಕು. ಚೂಪು ತುದಿ ಪಕ್ಕದ ನೂಲಿಗೆ ನಾಟಿ ಅದನ್ನು ಸೀಳುತ್ತದೆ. ಮೊಂಡು ತುದಿ ನೂಲಿನ ಮೇಲೆ ಜಾರಿ ತಾನಾಗಿ ತೂತಿಗೆ ಇಳಿಯುತ್ತದೆ. ಹಳಿ ಬದಲಿಸುವಾಗ ರೈಲು ಕುಲುಕಿದರೂ ಬೆರಳಿಗೆ ಚುಚ್ಚುವುದಿಲ್ಲ. ಸೂಜಿಯ ನಂಬರು ಏರಿದಷ್ಟೂ ಸೂಜಿ ಸಣ್ಣ. ಇಂಚಿಗೆ 14 ಚೌಕವಿರುವ ಬಟ್ಟೆಗೆ 24ನೇ ನಂಬರು ಒಗ್ಗುತ್ತದೆ, 16 ಅಥವಾ 18 ಚೌಕದ್ದಕ್ಕೆ 26. ಡಬ್ಬಿಯಲ್ಲಿ ಎರಡು ಸೂಜಿ ಇರಲಿ, ಒಂದು ಕೆಲಸಕ್ಕೆ, ಇನ್ನೊಂದು ಆಪತ್ತಿಗೆ.

ಕೆಲಸದ ನಡುವೆ ಕಾಫಿಯವನು ಬಂದ ಎನ್ನಿ, ಆ ಸೂಜಿಯನ್ನು ಎಲ್ಲಿಡುವುದು? ಬಟ್ಟೆಗೇ ಸಿಕ್ಕಿಸುವುದು ಎಲ್ಲರ ರೂಢಿ. ಸ್ವಲ್ಪ ಹೊತ್ತಿಗಾದರೆ ಸರಿ, ಮರೆತು ಮಡಿಸಿಟ್ಟರೆ ಕಷ್ಟ. ಉಕ್ಕಿನ ಸೂಜಿಗೆ ಮೇಲೆ ನಿಕಲ್ ಲೇಪವಿರುತ್ತದೆ. ಬೆರಳಿನ ಬೆವರಿನಲ್ಲಿ ಉಪ್ಪು, ಆಮ್ಲ ಎರಡೂ ಇರುವುದರಿಂದ ಬಳಸುತ್ತ ಬಳಸುತ್ತ ಲೇಪ ಸವೆಯುತ್ತದೆ. ಒಳಗಿನ ಕಬ್ಬಿಣಕ್ಕೆ ಗಾಳಿ, ತೇವ ತಾಗಿದರೆ ತುಕ್ಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದು ಬಲುಬೇಗ ಆಗುತ್ತದೆ. ಬಿಳಿ ಬಟ್ಟೆಗೆ ಬಿದ್ದ ತುಕ್ಕಿನ ಕಲೆ ಸಾಮಾನ್ಯ ಸೋಪಿಗೆ ಹೋಗುವುದಿಲ್ಲ.

ಅದಕ್ಕಾಗಿ ಹೊಲಿಯುವವರು ಕಂಡುಕೊಂಡ ಉಪಾಯ ಆಯಸ್ಕಾಂತದ ಗುಂಡಿ. ಗುಂಡಿಯ ಒಂದು ಭಾಗ ಬಟ್ಟೆಯ ಮೇಲೆ, ಇನ್ನೊಂದು ಕೆಳಗೆ. ಎರಡರ ನಡುವೆ ಬಟ್ಟೆ ಸಿಕ್ಕಿಕೊಂಡು ನಿಲ್ಲುತ್ತದೆ, ಸೂಜಿ ಮೇಲಿನದಕ್ಕೆ ಅಂಟಿಕೊಳ್ಳುತ್ತದೆ. ಬಟನ್ನಿನಷ್ಟು ಚಿಕ್ಕದಕ್ಕೆ ಇಷ್ಟು ಬಲ ಬಂದದ್ದು 1980ರ ದಶಕದ ಆರಂಭದಲ್ಲಿ ರೂಪುಗೊಂಡ ನಿಯೋಡೈಮಿಯಂ ಆಯಸ್ಕಾಂತಗಳಿಂದ. ಆದರೆ ಈ ಬಲಕ್ಕೆ ಹೆದರಲೂ ಬೇಕು. ಮಗು ಇಂಥ ಎರಡು ಚೂರುಗಳನ್ನು ನುಂಗಿದರೆ ಅವು ಕರುಳಿನ ಎರಡು ಮಡಿಕೆಗಳ ಆಚೀಚೆಯಿಂದ ಒಂದನ್ನೊಂದು ಎಳೆದು ನಡುವಿನ ಗೋಡೆಯನ್ನೇ ತೂತು ಮಾಡಬಲ್ಲವು. ಪೇಸ್‌ಮೇಕರ್ ಇರುವವರು ಇದನ್ನು ಎದೆಯಿಂದ ಕನಿಷ್ಠ 15 ಸೆಂ.ಮೀ. ದೂರ ಇಡಬೇಕು. ಪುಟ್ಟ ಮಕ್ಕಳ ಜೊತೆ ಪ್ರಯಾಣ ಮಾಡುವವರಿಗೆ ಆಯಸ್ಕಾಂತಕ್ಕಿಂತ ಒಂದು ತುಂಡು ಉಣ್ಣೆಬಟ್ಟೆಯೇ ವಾಸಿ. ಸೂಜಿಯನ್ನು ಅದಕ್ಕೆ ಸಿಕ್ಕಿಸಿ ಡಬ್ಬಿ ಮುಚ್ಚಿದರಾಯಿತು.

ಇನ್ನು ದಾರ. ಗಂಟುಮೂಟೆಯಲ್ಲಿ ಅತಿ ಹೆಚ್ಚು ಜಾಗ ತಿನ್ನುವುದು ಇದೇ, ಹೆಚ್ಚು ಸಿಕ್ಕಾಗುವುದೂ ಇದೇ. ಎಲ್ಲ ಬಣ್ಣದ ಲಡಿಗಳನ್ನೂ ತುಂಬಿಕೊಂಡು ಹೊರಡುವ ಮೊದಲು ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಇಂಚಿಗೆ 14 ಚೌಕ ಎಂದರೆ ಒಂದು ಚೌಕಕ್ಕೆ 1.8 ಮಿ.ಮೀ. ಒಂದು ಅಡ್ಡಹೊಲಿಗೆಗೆ ಮುಂದೆ ಎರಡು ಓರೆಗೆರೆ, ಹಿಂದೆ ಎರಡು ನೇರಗೆರೆ, ಒಟ್ಟು ಸುಮಾರು 9 ಮಿ.ಮೀ. ದಾರ. ದಾರದ ಉದ್ದ ಒಂದು ಮೊಳ ಇರಲಿ. ಹೂವಿನವಳು ಮೊಣಕೈಯಿಂದ ಬೆರಳ ತುದಿಗೆ ಅಳೆದು ಕೊಡುವ ಅದೇ ಮೊಳ, ಸುಮಾರು 45 ಸೆಂ.ಮೀ. ಆರಂಭಕ್ಕೆ, ಕೊನೆಗೆ ಬಿಡುವ ತುದಿ ಕಳೆದರೆ ಒಂದು ಮೊಳದಲ್ಲಿ ನಲವತ್ತು ಹೊಲಿಗೆ ಬೀಳುತ್ತವೆ. ಒಂದು ಲಡಿ 8 ಮೀಟರ್, ಅದರಲ್ಲಿ ಆರು ಎಳೆ. ಎರಡೆರಡು ಎಳೆ ಬಿಡಿಸಿಕೊಂಡರೆ 24 ಮೀಟರ್ ಆಯಿತು, ಅಂದರೆ ಐವತ್ತಕ್ಕೂ ಹೆಚ್ಚು ಮೊಳ, ಎರಡು ಸಾವಿರದಷ್ಟು ಹೊಲಿಗೆ. ಗಂಟೆಗೆ ನೂರು ಹೊಲಿಗೆ ಹಾಕುವ ಪಳಗಿದ ಕೈಗೆ ಬೆಂಗಳೂರಿಂದ ಧಾರವಾಡಕ್ಕೆ ರೈಲಿನಲ್ಲಿ ಆರು ಗಂಟೆ ಸಿಕ್ಕರೂ ಹದಿನೈದು ಮೊಳ ದಾರ ಸಾಕು. ಒಂದು ಲಡಿಯ ಮೂರನೇ ಒಂದು ಪಾಲೂ ಖರ್ಚಾಗುವುದಿಲ್ಲ!

ಆದ್ದರಿಂದ ಲಡಿಗಳು ಮನೆಯಲ್ಲೇ ಇರಲಿ. ಹಳೆಯ ಮದುವೆ ಕರೆಯೋಲೆಯ ದಪ್ಪ ಕಾಗದ ಎಲ್ಲರ ಮನೆಯಲ್ಲೂ ಇರುತ್ತದೆ. ಅದರ ಅಂಚಿಗೆ ಪಂಚಿಂಗ್ ಯಂತ್ರದಿಂದ ಸಾಲಾಗಿ ತೂತು ಹೊಡೆದು, ಮೊಳದುದ್ದಕ್ಕೆ ಕತ್ತರಿಸಿದ ದಾರಗಳನ್ನು ಒಂದೊಂದು ಬಣ್ಣಕ್ಕೆ ಒಂದು ತೂತಿನಂತೆ ಕುಣಿಕೆ ಹಾಕಿ ನೇತುಬಿಡುವುದು, ಪಕ್ಕದಲ್ಲಿ ಬಣ್ಣದ ನಂಬರು ಬರೆಯುವುದು. ಬೇಕಾದ ಎಳೆಯನ್ನು ಎಳೆದರೆ ಅದೊಂದೇ ಬರುತ್ತದೆ. ಮೇಜಿನ ಮೇಲೆ ಹರಡಿಕೊಳ್ಳುತ್ತಿದ್ದ ಬಣ್ಣಗಳೆಲ್ಲ ಹೀಗೆ ಅಂಗೈಯಗಲಕ್ಕೆ ಬಂದು ಕೂರುತ್ತವೆ.

ಉದ್ದ ದಾರ ಹಾಕಿಕೊಂಡರೆ ಮತ್ತೆ ಮತ್ತೆ ಪೋಣಿಸುವುದು ತಪ್ಪುತ್ತದಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಮೊಳದ ಮಿತಿಗೆ ಕಾರಣ ಘರ್ಷಣೆ. ಒಂದು ಅಡ್ಡಹೊಲಿಗೆಗೆ ದಾರ ನಾಲ್ಕು ಸಲ ಬಟ್ಟೆ ದಾಟುತ್ತದೆ. ನಲವತ್ತನೆಯ ಹೊಲಿಗೆಗೆ ಬರುವ ಭಾಗ ಅಷ್ಟರೊಳಗೆ ನೂರೈವತ್ತಕ್ಕೂ ಹೆಚ್ಚು ಸಲ ತೂತಿನ ಅಂಚಿಗೆ ಉಜ್ಜಿರುತ್ತದೆ. ಎರಡು ಮೊಳ ತೆಗೆದುಕೊಂಡರೆ ಈ ಉಜ್ಜಾಟವೂ ಇಮ್ಮಡಿ, ದಾರದ ಮೇಲೆ ಜುಂಗು ಏಳುತ್ತದೆ, ಹೊಳಪು ಸಾಯುತ್ತದೆ.

ಆ ಹೊಳಪಿಗೂ ಒಂದು ಕತೆಯಿದೆ. ಹತ್ತಿಯ ನಾರು ಸಹಜವಾಗಿ ಚಪ್ಪಟೆ, ತಿರುಚಿದ ರಿಬ್ಬನ್ನಿನಂತೆ. ಇಂಗ್ಲೆಂಡಿನ ಜಾನ್ ಮರ್ಸರ್ 1844ರಲ್ಲಿ ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ನಾರು ಉಬ್ಬಿ ಗಟ್ಟಿಯಾಗುವುದನ್ನು ಕಂಡರು. 1890ರ ಸುಮಾರಿಗೆ ಹೊರೇಸ್ ಲೋ ಅದೇ ಕೆಲಸವನ್ನು ದಾರವನ್ನು ಬಿಗಿಯಾಗಿ ಎಳೆದು ಹಿಡಿದು ಮಾಡಿದಾಗ ನಾರು ದುಂಡಾಗಿ, ನುಣುಪಾಗಿ, ರೇಷ್ಮೆಯ ಹೊಳಪು ಬಂತು. ಆಂಕರ್ ಬ್ರ್ಯಾಂಡ್ ಆಗಲಿ, 1746ರಲ್ಲಿ ಇಂದಿನ ಫ್ರಾನ್ಸಿನ ಮುಲೂಜ್‌ನಲ್ಲಿ ಹುಟ್ಟಿದ ಡಿಎಂಸಿ ಆಗಲಿ, ಕಸೂತಿ ದಾರದ ಮಿಂಚು ಈ ಮರ್ಸರೀಕರಣದ್ದು. ದುಂಡು ನಾರು ಬೆಳಕನ್ನು ಒಂದು ದಿಕ್ಕಿಗೆ ಹೆಚ್ಚಾಗಿ ಹೊರಳಿಸುತ್ತದೆ. ಹಾಗಾಗಿ ಎಲ್ಲ ಹೊಲಿಗೆಯಲ್ಲೂ ಮೇಲೆ ಬರುವ ಓರೆಗೆರೆ ಒಂದೇ ಕಡೆ ವಾಲಿರಬೇಕು. ಒಂದೆರಡು ತಿರುವುಮುರುವಾದರೆ ಆ ಜಾಗ ಬೇರೆ ಬಣ್ಣವೆಂಬಂತೆ ಕಾಣುತ್ತದೆ. ಊರು ಬಂತೆಂದು ಮಡಿಸಿ, ಮತ್ತೆಲ್ಲೋ ಬಿಚ್ಚಿ, ಬಟ್ಟೆಯನ್ನು ಅಡ್ಡಡ್ಡ ಹಿಡಿದು ಮುಂದುವರಿಸುವ ಪ್ರಯಾಣದ ಹೊಲಿಗೆಯಲ್ಲಿ ಈ ತಪ್ಪು ಸುಲಭ. ಹೊರಡುವ ಮುನ್ನ ಬಟ್ಟೆಯ ಮೇಲಿನ ಎಡಮೂಲೆಗೆ ಒಂದು ಕೆಂಪು ಎಳೆ ಹಾಕಿಕೊಂಡರೆ ಯಾವುದು ಮೇಲು, ಯಾವುದು ಕೆಳಗು ಎಂಬ ಗೊಂದಲವಿಲ್ಲ.

ಬಟ್ಟೆಯನ್ನು ಬಿಗಿದು ಹಿಡಿಯುವ ರಿಂಗ್ ಬೇಕೇ? ಈ ಬಗ್ಗೆ ಹೊಲಿಯುವವರಲ್ಲಿ ಎರಡು ಪಂಗಡಗಳಿವೆ. ಗಂಜಿ ಹಾಕಿದ ಗಡಸು ಐಡಾ ಬಟ್ಟೆ ಕೈಯಲ್ಲೇ ಸೆಟೆದು ನಿಲ್ಲುವುದರಿಂದ ಪ್ರಯಾಣಕ್ಕೆ ರಿಂಗ್ ಅನಗತ್ಯ ಎನ್ನುವವರ ವಾದವೇ ಸರಿಯೆನಿಸುತ್ತದೆ. ಒಯ್ಯಲೇಬೇಕಾದರೆ ನಾಲ್ಕಿಂಚಿನದು ಸಾಕು, ಡಬ್ಬಿಗೆ ಹಾಕುವಾಗ ಬಟ್ಟೆಯಿಂದ ಬಿಡಿಸಿರಬೇಕು. ಬಟ್ಟೆಯನ್ನು ಮಡಿಸುವುದಕ್ಕಿಂತ ಸುತ್ತುವುದು ಮೇಲು.

ಕತ್ತರಿಯ ಅಡ್ಡಿ ಎದುರಾಗುವುದು ವಿಮಾನ ನಿಲ್ದಾಣದಲ್ಲಿ. ಅಮೆರಿಕದಲ್ಲಿ ತಿರುಗಣೆಯಿಂದ ತುದಿಗೆ 4 ಇಂಚಿಗಿಂತ ಕಡಿಮೆ ಅಲಗಿನ ಕತ್ತರಿಯನ್ನು ಕೈಚೀಲದಲ್ಲಿ ಬಿಡುತ್ತಾರೆ. ಯುರೋಪ್, ಬ್ರಿಟನ್‌ಗಳಲ್ಲಿ ಮಿತಿ 6 ಸೆಂ.ಮೀ. ಎಲ್ಲೇ ಆಗಲಿ ಕೊನೆಯ ಮಾತು ತಪಾಸಣೆಯ ಸಿಬ್ಬಂದಿಯದು. ಅಮ್ಮ ಕೊಟ್ಟ ಕತ್ತರಿಯನ್ನು ಅಲ್ಲಿನ ತೊಟ್ಟಿಗೆ ಹಾಕಿ ಬರುವ ಸಂಕಟಕ್ಕಿಂತ ಅದನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿಟ್ಟು ಉಗುರು ಕತ್ತರಿಸುವ ನೇಲ್ ಕಟರ್ ಒಯ್ಯುವುದು ಲೇಸು. ಎರಡು ಸನ್ನೆಗೋಲುಗಳನ್ನು ಒಂದರ ಮೇಲೊಂದು ಕೂರಿಸಿದ ಈ ಸಾಧನ ಬೆರಳಿನ ಸಣ್ಣ ಒತ್ತಡವನ್ನು ಹಲವು ಪಟ್ಟು ಹೆಚ್ಚಿಸಿ ಬಾಯಿಗೆ ಮುಟ್ಟಿಸುತ್ತದೆ. ಎರಡೆಳೆ ದಾರ ಅದಕ್ಕೆ ಲೆಕ್ಕವೇ ಅಲ್ಲ.

ಇಷ್ಟೂ ಇಲ್ಲದೆ ಹೊಲಿದವರಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಸೆರೆಯಲ್ಲಿದ್ದ ಬ್ರಿಟಿಷ್ ಮೇಜರ್ ಅಲೆಕ್ಸಿಸ್ ಕ್ಯಾಸ್ಡಾಗ್ಲಿಗೆ ಜೊತೆಯ ಕೈದಿಯೊಬ್ಬ ಒಂದು ತುಂಡು ಕ್ಯಾನ್ವಾಸ್ ಕೊಟ್ಟ. ದಾರವನ್ನು ಜೂಲಾದ ಸ್ವೆಟರೊಂದರಿಂದ ಬಿಚ್ಚಿಕೊಂಡದ್ದು. 1941ರ ಡಿಸೆಂಬರಿನಲ್ಲಿ ಅವರು ಮುಗಿಸಿದ ಕ್ರಾಸ್ ಸ್ಟಿಚ್ ಪಟದ ಅಂಚಿನಲ್ಲಿ ಚುಕ್ಕಿ ಗೆರೆಗಳ ಅಲಂಕಾರವಿತ್ತು. ಸೆರೆಯಾಳುಗಳ ಕೈಕೆಲಸದ ಮಾದರಿಯೆಂದು ಜರ್ಮನರು ಅದನ್ನು ನಾಲ್ಕು ಶಿಬಿರಗಳಲ್ಲಿ ಪ್ರದರ್ಶನಕ್ಕಿಟ್ಟರು. ಆ ಚುಕ್ಕಿ ಗೆರೆಗಳು ಮೋರ್ಸ್ ಸಂಕೇತದಲ್ಲಿ ಬರೆದ ಮಾತುಗಳಾಗಿದ್ದವು. ಒಂದು ಸಾಲು ಬ್ರಿಟಿಷ್ ದೊರೆಗೆ ಹಾರೈಕೆ, ಇನ್ನೊಂದು ಹಿಟ್ಲರನಿಗೆ ಹಸಿಹಸಿ ಬೈಗುಳ.

ನಮ್ಮ ಧಾರವಾಡ ಸೀಮೆಯ ಕಸೂತಿಯ ಸಾಮಾನು ಇದಕ್ಕಿಂತ ದೊಡ್ಡದೇನಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ಅದರ ನಾಲ್ಕು ಹೊಲಿಗೆಗಳಲ್ಲಿ ಮೆಂತೆಯೇ ಕ್ರಾಸ್ ಸ್ಟಿಚ್. ಕಾಳು ಚೆಲ್ಲಿದಂತೆ ಕಾಣುವುದರಿಂದ ಆ ಹೆಸರು. ಇಳಕಲ್ ಸೀರೆಯ ನೂಲನ್ನೇ ಎಣಿಸಿ ಗೋಪುರ, ತೇರು, ತುಳಸಿ ವೃಂದಾವನ ಎಬ್ಬಿಸುವ ಹೆಂಗಸರು ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳುವುದಿಲ್ಲ, ದಾರಕ್ಕೆ ಗಂಟು ಹಾಕುವುದಿಲ್ಲ. ನಕ್ಷೆ ತಲೆಯಲ್ಲಿ, ಗ್ರಾಫು ಬಟ್ಟೆಯಲ್ಲಿ.

ಮತ್ತೆ ಪ್ರಯಾಣಕ್ಕೆ ಬರೋಣ. ಬಸ್ಸಿನಲ್ಲಿ ಹೊಲಿದರೆ ತಲೆ ಸುತ್ತುವುದೇಕೆ ಎಂದು ಹಲವರು ಕೇಳುತ್ತಾರೆ. ಮಡಿಲ ಬಟ್ಟೆ ನೋಡುವ ಕಣ್ಣು ಅಲುಗಾಟವಿಲ್ಲ ಎನ್ನುತ್ತದೆ, ಒಳಕಿವಿಯಲ್ಲಿ ಸಮತೋಲ ಕಾಯುವ ದ್ರವ ಬಸ್ಸು ತಿರುಗುತ್ತಿದೆ ಎನ್ನುತ್ತದೆ. ಈ ಎರಡು ವರದಿ ತಾಳೆಯಾಗದಾಗ ಹೊಟ್ಟೆ ತೊಳಸುತ್ತದೆ. ಘಾಟಿಯಲ್ಲಿ ಡಬ್ಬಿ ಮುಚ್ಚಿ ಕಿಟಕಿಯಾಚೆ ದೂರ ನೋಡುವುದೊಂದೇ ದಾರಿ.

ಡಬ್ಬಿಗೆ ಕನ್ನಡಕದ ಹಳೆಯ ಗಟ್ಟಿ ಪೆಟ್ಟಿಗೆ ಸಾಕು. ದಾರದ ಕಾರ್ಡು, ನೇಲ್ ಕಟರ್, ಚೂರು ದಾರ ಹಾಕಲು ಪುಟ್ಟ ಚೀಲ, ಎರಡು ಸೂಜಿ. ಸುತ್ತಿದ ಬಟ್ಟೆ ಪಕ್ಕದಲ್ಲಿ. ನಿಲ್ದಾಣ ಬಂದಾಗ ಇಳಿಯುವ ಅವಸರದಲ್ಲೂ ಒಮ್ಮೆ ಡಬ್ಬಿ ತೆರೆದು ಎರಡೂ ಸೂಜಿ ಇವೆಯೇ ನೋಡಿ. ಆ ಸೀಟಿನಲ್ಲಿ ಮುಂದೆ ಕೂರುವುದು ಯಾರದೋ ಮಗು ಆಗಿರಬಹುದು.